ಕೀಲಿಕೈ ಯಾರ ಕಡೆ?

ಕಳೆದ ದೀಪಾವಳಿಗೆ ಮನೆಗೆ ಬಂದ ತಮ್ಮ, ಎಣ್ಣೆಸ್ನಾನ ಮುಗಿಸಿ ಹೋಳಿಗೆಗೆ ಕುಳಿತವನು, ಜೇಬಿನಿಂದ ಎರಡು ಚಿತ್ರ ತೆಗೆದು ನನ್ನ ಮುಂದಿಟ್ಟ. ಮಗಳಿಗೆ ಬಂದ ವರಗಳ ಫೋಟೋ ಇರಬೇಕೆಂದು ಕನ್ನಡಕ ಹುಡುಕಿದೆ. ನೋಡಿದರೆ ಒಂದು ರಿವಾಲ್ವರ್, ಇನ್ನೊಂದು ಪಿಸ್ತೂಲು!

"ಅಕ್ಕಾ, ಇವೆರಡರಾಗ ಯಾವುದು ಛಲೋ ಹೇಳು. ಮನಿಗೂ ಆಗಬೇಕು, ಗುರಿ ಹೊಡಿಯಾಕೂ ಆಗಬೇಕು" ಎಂದ.

ತಮ್ಮ ಸೈನ್ಯದಲ್ಲಿದ್ದು ಹವಾಲ್ದಾರನಾಗಿ ನಿವೃತ್ತಿ ಹೊಂದಿದವನು. ಹುಲಗೂರಿನ ಹೊರಗೆ ಹೊಲದಲ್ಲೇ ಮನೆ ಕಟ್ಟಿಕೊಂಡಿದ್ದಾನೆ. ಗೋವಿನಜೋಳ ಎದೆಯೆತ್ತರ ಬೆಳೆದು ನಿಂತರೆ ಆಚೆ ಮನೆಯ ದೀಪವೂ ಕಾಣುವುದಿಲ್ಲ. ಮಳೆಗಾಲದಲ್ಲಿ ಅವನ ಪಂಪ್‌ಸೆಟ್ಟಿನ ವಾಯರು ಕಳುವಾಗಿತ್ತು. ಅವನ ಹೆದರಿಕೆ ಸುಳ್ಳಲ್ಲ. ಆದರೆ ಬಂದೂಕಿನ ವಿಷಯ ಬಲ್ಲ ಅವನು ನನ್ನನ್ನೇಕೆ ಕೇಳಿದ ಎಂಬುದು ಆಮೇಲೆ ತಿಳಿಯಿತು. ಹೆಂಡತಿ ಒಪ್ಪಿರಲಿಲ್ಲ. ಅಕ್ಕ ಒಪ್ಪಿದರೆ ಅರ್ಧ ಲೈಸೆನ್ಸು ಸಿಕ್ಕ ಹಾಗೆ.

ನಾನೂ ತೀರ ಅರಿಯದವಳಲ್ಲ. ಕಾಲೇಜಿನಲ್ಲಿ ಎನ್.ಸಿ.ಸಿ. ಸೇರಿದ್ದೆ. .22 ರೈಫಲ್ಲಿಗೆ ಕೆನ್ನೆ ಆನಿಸಿ, ಉಸಿರು ಬಿಗಿಹಿಡಿದು ಹೊಡೆದ ಗುಂಡು ಕಾಗದದ ಕರಿಯ ಚುಕ್ಕೆಯನ್ನು ತಾಗಿದಾಗಿನ ಸಂತೋಷ ಇಂದಿಗೂ ನೆನಪಿದೆ. ಗುರಿ ಹಿಡಿಯುವುದೂ ಒಂದು ಧ್ಯಾನ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದಾಗ ತರಗತಿಯ ಹುಡುಗಿಯರಿಗೆಲ್ಲ ಪೇಪರು ತೋರಿಸಿದ್ದೆ. ಆಕೆಯ ಕೈಯಲ್ಲಿದ್ದದ್ದು ಮದ್ದುಗುಂಡಿಲ್ಲದ ಗಾಳಿಪಿಸ್ತೂಲು.

ತಮ್ಮ ಉತ್ಸಾಹದಿಂದ ವಿವರಿಸಿದ. ಸೈನ್ಯದ 9 ಎಂ.ಎಂ. ನಮ್ಮಂಥವರಿಗಿಲ್ಲ; .32ರಂಥದ್ದು ಸಿಗುತ್ತದೆ. ರಿವಾಲ್ವರಿನಲ್ಲಿ ಗುಂಡಿನ ಗಾಲಿ ಕಣ್ಣಿಗೆ ಕಾಣುತ್ತದೆ, ತುಂಬಿದೆಯೋ ಖಾಲಿಯೋ ತೆರೆದರೆ ತಿಳಿಯುತ್ತದೆ, ಕೆಡುವುದು ಕಡಿಮೆ. ಪಿಸ್ತೂಲಿನಲ್ಲಿ ಗುಂಡಿನ ಡಬ್ಬಿ ಹಿಡಿಕೆಯೊಳಗೆ. ಹೆಚ್ಚು ಗುಂಡು ಹಿಡಿಯುತ್ತದೆ, ಗುರಿಯ ಅಭ್ಯಾಸಕ್ಕೆ ಹಿತ. "ಆದರ ಒಂದು ನೆನಪಿಡಬೇಕು. ಡಬ್ಬಿ ತಗದ್ರೂ ನಳಿಗಿಯೊಳಗ ಒಂದು ಗುಂಡು ಉಳಿದಿರತೈತಿ. ಖಾಲಿ ಐತಿ ಅಂತ ತಿಳಕೊಂಡವರೇ ಅನಾಹುತ ಮಾಡಿಕೋತಾರ" ಎಂದ. ಮನುಷ್ಯನ ಸಿಟ್ಟೂ ಹಾಗೆಯೇ ಅಲ್ಲವೇ ಎಂದುಕೊಂಡೆ.

ನಮ್ಮ ಅಪ್ಪನ ಹತ್ತಿರವೂ ಬೆಳೆ ಕಾಯಲೆಂದು ಲೈಸೆನ್ಸಿನ ಕೇಪಿನ ಬಂದೂಕು ಇತ್ತು. ಆಯುಧಪೂಜೆಗೆ ಅದಕ್ಕೆ ವಿಭೂತಿ, ಚೆಂಡುಹೂವು. ಚುನಾವಣೆ ಬಂತೆಂದರೆ ಠಾಣೆಗೆ ಒಪ್ಪಿಸಬೇಕು. ಬಂದೂಕು ಹೋದ ದಿನ ಅಪ್ಪನ ಮುಖ ಸಣ್ಣದಾಗುತ್ತಿತ್ತು. ಆದರೆ ಅವ್ವ ಚೆನ್ನಾಗಿ ನಿದ್ದೆ ಮಾಡುತ್ತಿದ್ದದ್ದು ಆ ದಿನಗಳಲ್ಲೇ. ಅದೇಕೆಂದು ಯಾರೂ ಅವಳನ್ನು ಕೇಳಲಿಲ್ಲ. ನಾನೂ ಕೇಳಲಿಲ್ಲ.

"ಹಲಗಲಿ ಬೇಡರನ್ನ ಸಾಲಿಯೊಳಗ ನೀನೇ ಪಾಠ ಮಾಡತಿ" ಎಂದು ತಮ್ಮ ಕೊನೆಯ ಅಸ್ತ್ರ ಬಿಟ್ಟ. ಹೌದು, 1857ರಲ್ಲಿ ಆಯುಧ ಒಪ್ಪಿಸಿರೆಂದ ಬ್ರಿಟಿಷರಿಗೆ ಅವರು ಎದುರು ನಿಂತರು. ಕೊಡಗಿನಲ್ಲಿ ಇಂದಿಗೂ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿಯಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ. ಅಲ್ಲೆಲ್ಲ ಆಯುಧವೆಂದರೆ ಕುಲದ ಮಾನ, ಹಿರಿಯರ ಕಣ್ಣಮುಂದಿನ ವಸ್ತು. ನಮ್ಮ ಪ್ರಶ್ನೆ ಬೇರೆ. ರಾತ್ರಿ ಹೆದರಿಕೆಯಾದಾಗ ದಿಂಬಿನಡಿ ತಡಕುವ ವಸ್ತುವಿನ ಪ್ರಶ್ನೆ.

ಅಷ್ಟು ಹೊತ್ತು ಒಲೆಯ ಮುಂದೆ ಸುಮ್ಮನಿದ್ದ ತಮ್ಮನ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. "ಅಕ್ಕಾರ, ಯಾವುದರ ತರಲಿ ಬಿಡ್ರಿ. ಕೀಲಿಕೈ ಯಾರ ಕಡೆ ಇರತೈತಿ, ಅದನ್ನ ಕೇಳ್ರಿ."

ತಮ್ಮ ಉತ್ತರ ಕೊಡಲಿಲ್ಲ. ಉತ್ತರ ಸುಲಭವೂ ಅಲ್ಲ. ಪಿಸ್ತೂಲು ಒಂದು ಕಡೆ, ಗುಂಡು ಇನ್ನೊಂದು ಕಡೆ ಇಟ್ಟು ಕೀಲಿ ಹಾಕಿದರೆ ಕಳ್ಳ ಬಂದಾಗ ಕೈಗೆ ಸಿಗುವುದಿಲ್ಲ. ತುಂಬಿಸಿ ಕೈಗೆ ಸಿಗುವಂತೆ ಇಟ್ಟರೆ ಅದು ಮನೆಯ ಎಲ್ಲರ ಕೈಗೂ ಸಿಗುತ್ತದೆ. ಕಳ್ಳ ಬರುವುದು ಹತ್ತು ವರ್ಷಕ್ಕೊಮ್ಮೆ. ಮನೆಯವರು ದಿನವೂ ಇರುತ್ತಾರೆ. ಆ ಮನೆಯಲ್ಲಿ ಹತ್ತೊಂಬತ್ತರ ಹುಡುಗನೊಬ್ಬನಿದ್ದಾನೆ. ಪಿಯುಸಿ ಎರಡನೆಯ ಸಲವೂ ಫೇಲಾಗಿ ಮೂರು ದಿನ ಉಣ್ಣದೆ ಕೋಣೆ ಸೇರಿದ್ದ. ಅವಳ ಕಣ್ಣು ಆ ಕೋಣೆಯ ಬಾಗಿಲ ಮೇಲಿತ್ತು.

ನನಗೆ ನಮ್ಮ ಶಾಲೆಯ ಹುಡುಗಿಯೊಬ್ಬಳ ತಂದೆಯ ನೆನಪಾಯಿತು. ಸಾಲದವರ ಮಾತು ತಾಳದೆ ಹತ್ತಿಗೆ ಹೊಡೆಯುವ ಎಣ್ಣಿ ಕುಡಿದಿದ್ದ. ಹುಬ್ಬಳ್ಳಿಗೆ ಒಯ್ದರು, ಪುಣ್ಯಕ್ಕೆ ಬದುಕಿದ. ತಿಂಗಳ ಮೇಲೆ ಶಾಲೆಗೆ ಬಂದವನು, "ಆ ಒಂದು ತಾಸು ದಾಟಿದ್ದರ ಸಾಕಿತ್ರಿ ಬಾಯಾರ. ಬಾಟ್ಲಿ ಕಣ್ಣಮುಂದ ಇತ್ತು" ಎಂದ. ಶ್ರೀಲಂಕಾದಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು ನಿಷೇಧಿಸಿದ ಮೇಲೆ ಆತ್ಮಹತ್ಯೆಗಳು ಬಹಳ ಇಳಿದವು. ಜನರ ದುಃಖ ಇಳಿದಿರಲಿಲ್ಲ. ಕೈಗೆ ಎಟುಕುತ್ತಿದ್ದದ್ದು ದೂರವಾಗಿತ್ತು ಅಷ್ಟೆ. ಎಣ್ಣಿ ಕುಡಿದವನನ್ನು ಆಸ್ಪತ್ರೆಗಾದರೂ ಒಯ್ಯಬಹುದು. ಗುಂಡು ಅಷ್ಟು ಸಮಯ ಕೊಡುವುದಿಲ್ಲ.

ದಿಲ್ಲಿಯ 2012ರ ಆ ಘಟನೆಯ ನಂತರ, 2014ರಲ್ಲಿ, ಕಾನ್ಪುರದ ಸರಕಾರಿ ಕಾರ್ಖಾನೆ ಹೆಂಗಸರಿಗಾಗಿ 'ನಿರ್ಭೀಕ್' ಎಂಬ ರಿವಾಲ್ವರ್ ತಂದಿತು. ಅರ್ಧ ಕಿಲೋ ತೂಕ, ಪರ್ಸಿನಲ್ಲಿ ಹಿಡಿಯುವಂಥದು, ಬೆಲೆ ಒಂದು ಲಕ್ಷಕ್ಕೂ ಮೇಲೆ. ಒಳ್ಳೆಯ ಹೆಸರು. ಆದರೆ ದೇಶದ ಅಪರಾಧ ಲೆಕ್ಕದಲ್ಲಿ ಹೆಂಗಸರ ಮೇಲಿನ ಅಪರಾಧಗಳ ಪೈಕಿ ಎಲ್ಲಕ್ಕಿಂತ ದೊಡ್ಡ ಪಾಲು ಗಂಡ ಮತ್ತು ಅವನ ಸಂಬಂಧಿಕರ ಕ್ರೌರ್ಯದ್ದು. ಪರ್ಸು ಗೂಟಕ್ಕೆ ತೂಗುಹಾಕಿ ಒಲೆ ಮುಂದೆ ಕುಳಿತವಳ ಮೇಲೆ ಕೈ ಎತ್ತುವವನು ಮನೆಯವನೇ. ಅಂಥ ಮನೆಯಲ್ಲಿ ಆಯುಧ ಯಾರ ಕೈ ಸೇರೀತು? ಅವಳ ಕೈಯನ್ನಂತೂ ಅಲ್ಲ.

ಹಾಗೆಂದು ತಮ್ಮನ ಭಯವನ್ನು ನಗೆಯಾಡುವ ಹಕ್ಕು ನನಗಿಲ್ಲ. ನಾನು ಊರ ನಡುವಿನವಳು. ಕೂಗಿದರೆ ಹತ್ತು ಮನೆ ಬಾಗಿಲು ತೆರೆಯುತ್ತವೆ. ಅವನು ಕೂಗಿದರೆ ಕೇಳುವುದು ಗೋವಿನಜೋಳ. ಆದ್ದರಿಂದ ಇಷ್ಟೇ ಹೇಳಿದೆ: "ಗುರಿ ಹೊಡೆಯುವ ಆಸೆಯನ್ನೂ ಮನೆ ಕಾಯುವ ಚಿಂತೆಯನ್ನೂ ಒಂದೇ ಗೂಟಕ್ಕೆ ಕಟ್ಟಬೇಡ. ಗುರಿಯ ಆಸೆ ಇದ್ದರೆ ಹುಬ್ಬಳ್ಳಿ ಧಾರವಾಡದ ಕಡೆ ಕಲಿಸುವವರನ್ನು ಹುಡುಕು, ಮಗನನ್ನೂ ಕರಕೊಂಡು ಹೋಗು, ಗಾಳಿಪಿಸ್ತೂಲು ಹಿಡಿಸು. ಮನೆಗಾದರೆ ಮೊದಲು ನಿನ್ನ ಹೆಂಡತಿಯ ಪ್ರಶ್ನೆಗೆ ಉತ್ತರ ಕೊಡು."

ತಮ್ಮ ಚಿತ್ರಗಳನ್ನು ಮಡಚಿ ಜೇಬಿಗಿಟ್ಟುಕೊಂಡ. ಹರಿಯಲಿಲ್ಲ. ಅರ್ಜಿಯನ್ನೂ ಇನ್ನೂ ಹಾಕಿಲ್ಲ. ಹೊಲದಂಚಿಗೆ ದೊಡ್ಡ ದೀಪ ಹಾಕಿಸಿದ್ದಾನೆ, ಎರಡು ನಾಯಿ ಸಾಕಿದ್ದಾನೆ. ಮೊನ್ನೆ ಹೋದಾಗ ಅತ್ತೆ ಬಂದಳೆಂದು ಆ ಹುಡುಗ ನಾಯಿಗಳನ್ನು ಹಿಡಿದುಕೊಂಡು ನಗುತ್ತ ನಿಂತಿದ್ದ. ತಮ್ಮನ ಹೆಂಡತಿ ಚಹಾ ಕೊಡುತ್ತ ಮೆಲ್ಲಗೆ ಅಂದಳು: "ಈಗ ನಿದ್ದಿ ಹತ್ತತೈತ್ರಿ, ಅಕ್ಕಾರ."

ಅವ್ವನನ್ನು ಕೇಳದೇ ಉಳಿದ ಪ್ರಶ್ನೆಗೆ ಉತ್ತರ ಸಿಕ್ಕಂತಾಯಿತು.