ಕೈಯಾರೆ ಹೆಣೆದ ಕಾಣಿಕೆ: ದಾನವೋ, ಮಮಕಾರವೋ?

ದಶಲಕ್ಷಣ ಪರ್ವದ ದಿನಗಳಲ್ಲಿ ನಾವು ಪ್ರತಿವರ್ಷವೂ ಹತ್ತು ಧರ್ಮಗಳ ವಿವರಣೆಯನ್ನು ಕೇಳುತ್ತೇವೆ. ಉತ್ತಮ ಕ್ಷಮೆಯಿಂದ ಮೊದಲಾಗಿ ಉತ್ತಮ ಬ್ರಹ್ಮಚರ್ಯದವರೆಗೆ ಸಾಗುವ ಈ ಸಾಲಿನಲ್ಲಿ ಎಂಟನೆಯದು ತ್ಯಾಗ, ಒಂಬತ್ತನೆಯದು ಆಕಿಂಚನ್ಯ. ತ್ಯಾಗವೆಂದೊಡನೆ ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳು ನಮ್ಮ ನೆನಪಿಗೆ ಬರುತ್ತವೆ. ಜಿನಮಂದಿರದ ಜೀರ್ಣೋದ್ಧಾರಕ್ಕೆ ಬರೆಸಿದ ವಂತಿಗೆಯೂ ಮುನಿಸಂಘಕ್ಕೆ ಮಾಡಿದ ಸೇವೆಯೂ ನೆನಪಿಗೆ ಬರುತ್ತವೆ. ಆದರೆ ಗೃಹಸ್ಥರಾದ ನಮ್ಮ ಕೈಯಿಂದ ವರ್ಷವಿಡೀ ಸಾಗುವ ಇನ್ನೊಂದು ಬಗೆಯ ಕೊಡುವಿಕೆಯನ್ನು ನಾವು ಅಷ್ಟಾಗಿ ಪರೀಕ್ಷಿಸುವುದಿಲ್ಲ. ತೊಟ್ಟಿಲ ಕಾರ್ಯಕ್ಕೆ, ಮದುವೆಗೆ, ವಾಸ್ತುಶಾಂತಿಗೆ ಬಂಧುಗಳಿಗೆ ಕೊಡುವ ಉಡುಗೊರೆಯೇ ಅದು. ಅದರಲ್ಲಿಯೂ ನಾವೇ ಕುಳಿತು ಕೈಯಾರೆ ಮಾಡಿ ಕೊಟ್ಟ ವಸ್ತುವಿನ ವಿಷಯದಲ್ಲಿ ನನಗೊಂದು ಪ್ರಶ್ನೆ ಬಹುಕಾಲದಿಂದ ಕಾಡುತ್ತ ಬಂದಿದೆ. ಹಾಗೆ ಕೊಟ್ಟಾಗ ನಾವು ಒಂದು ವಸ್ತುವನ್ನು ಬಿಟ್ಟುಕೊಡುತ್ತೇವೆಯೇ, ಅಥವಾ ನಮ್ಮ ಮಮಕಾರವನ್ನೇ ಇನ್ನೊಬ್ಬರ ಮನೆಯವರೆಗೆ ಚಾಚುತ್ತೇವೆಯೇ?

ನಾನು ಶಾಲೆಯ ಅಧ್ಯಾಪಿಕೆ. ಕ್ರೋಶಾ ಹೆಣೆಯುವುದು ನನ್ನ ಹವ್ಯಾಸ. ಕೊಕ್ಕೆಯ ತುದಿಯುಳ್ಳ ಒಂದೇ ಸೂಜಿ, ಒಂದು ನೂಲಿನ ಉಂಡೆ. ಇಷ್ಟಿದ್ದರೆ ಈ ಕೆಲಸ ನಡೆಯುತ್ತದೆ. ಬಸ್ಸಿನಲ್ಲಿ ಅರ್ಧ ಗಂಟೆ, ಕುಕ್ಕರಿನ ಸೀಟಿ ಕೂಗುವವರೆಗೆ ಹತ್ತು ನಿಮಿಷ, ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದಿ ಮುಗಿಸಿದ ಮೇಲೆ ಮಲಗುವ ಮುನ್ನ ಒಂದಿಷ್ಟು ಹೊತ್ತು, ಹೀಗೆ ಚೂರುಚೂರಾದ ಸಮಯವೇ ಇದರ ಬಂಡವಾಳ. ಇಂಥ ಚೂರುಗಳನ್ನು ಕೂಡಿಸಿದರೆ ಕೂಸಿನ ಒಂದು ಕುಲಾವಿಗೆ ನನ್ನ ಕೈಗೆ ಆರೇಳು ಗಂಟೆಗಳು ಬೇಕು. ಬಾಗಿಲ ತೋರಣಕ್ಕೆ ಒಂದು ತಿಂಗಳ ಸಂಜೆಗಳು, ಮೇಜಿನ ಹಾಸಿಗೆ ಮೂರು ನಾಲ್ಕು ತಿಂಗಳು.

ಸೊಲ್ಲಾಪುರದಂಥ ನಗರದ ನೆರಳಿನಲ್ಲಿ ಬದುಕುವ ನಮಗೆ ಇದು ವಿಚಿತ್ರವೆನಿಸಬಹುದು. ಚಾದರಿಗೂ ಟವೆಲ್ಲಿಗೂ ನಾಡೆಲ್ಲ ಹೆಸರಾದ ಊರು ಅದು. ಅಂಗಡಿಗೆ ಹೋದರೆ ಕಾಲು ಗಂಟೆಯಲ್ಲಿ ಬಣ್ಣಬಣ್ಣದ ಉಡುಗೊರೆ ಕಟ್ಟಿಸಿಕೊಂಡು ಬರಬಹುದು. ಆದರೂ ಕೈಯಿಂದ ಮಾಡಿ ಕೊಡಬೇಕೆಂಬ ಆಸೆ ಹೋಗುವುದಿಲ್ಲ. ಅಂಗಡಿಯ ವಸ್ತುವಿನಲ್ಲಿ ನಾವು ಕೊಡುವುದು ಹಣವನ್ನು. ಹಣ ಮತ್ತೆ ಬರುತ್ತದೆ. ಹೆಣೆದ ವಸ್ತುವಿನಲ್ಲಿ ಕೊಡುವುದು ಆಯುಷ್ಯದ ಒಂದು ಭಾಗವನ್ನು. ಅದು ಮರಳಿ ಬರುವುದಿಲ್ಲ. ಈ ಕಾಣಿಕೆ ಹಿರಿದಾಗುವುದಕ್ಕೂ ಅಪಾಯಕಾರಿಯಾಗುವುದಕ್ಕೂ ಕಾರಣ ಇದೊಂದೇ.

ಶಾಸ್ತ್ರದ ಬೆಳಕಿನಲ್ಲಿ ಈ ಕೊಡುವಿಕೆಯ ಸ್ಥಾನವಾವುದು? ಜಿನಸೇನಾಚಾರ್ಯರು ತಮ್ಮ ಆದಿಪುರಾಣದಲ್ಲಿ ಕೊಡುವಿಕೆಯನ್ನು ದಯಾದತ್ತಿ, ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ತನಗೆ ಸಮಾನರಾದ ಗೃಹಸ್ಥರಿಗೆ ಆದರದಿಂದ ಕೊಡುವುದು ಸಮದತ್ತಿ. ಬಂಧುಗಳಿಗೂ ಸಾಧರ್ಮಿಗಳಿಗೂ ನೀಡುವ ನಮ್ಮ ಕಾಣಿಕೆ ಇದಕ್ಕೆ ಹತ್ತಿರವಾದುದು. ಇನ್ನು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ದಾನದ ಸ್ವರೂಪವನ್ನು ಹೇಳುವಾಗ ಎರಡು ಅಂಶಗಳನ್ನು ಜೋಡಿಸಿದ್ದಾರೆ: ಅದು ಉಪಕಾರಕ್ಕಾಗಿ ಆಗಬೇಕು, ಮತ್ತು ತನ್ನದೆಂಬುದನ್ನು ಸಂಪೂರ್ಣವಾಗಿ ಬಿಟ್ಟುಬಿಡಬೇಕು. ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರ ಮೇಲೆ ದಾನದ ಹೆಚ್ಚುಗಾರಿಕೆ ನಿಂತಿದೆಯೆಂದೂ ಅಲ್ಲಿಯೇ ಹೇಳಿದೆ. ನಮ್ಮ ಹೆಣಿಗೆಯನ್ನು ಈ ಒರೆಗಲ್ಲಿಗೆ ಹಚ್ಚಿ ನೋಡೋಣ.

ಮೊದಲು ದ್ರವ್ಯ. ರೇಷ್ಮೆಯ ಎಳೆ ನುಣುಪಾಗಿದೆ, ಹೊಳೆಯುತ್ತದೆ. ಆದರೆ ಉದ್ದವಾದ ಎಳೆಯನ್ನು ಮುರಿಯದಂತೆ ಬಿಚ್ಚಿಕೊಳ್ಳಲು ಗೂಡಿನೊಳಗಿನ ಜೀವವನ್ನು ಬಿಸಿಯಿಂದ ಕೊಲ್ಲುವುದೇ ಸಾಮಾನ್ಯ ಪದ್ಧತಿ. ಅಂಥ ಎಳೆಯಿಂದ ಹೆಣೆದ ಕುಲಾವಿಯನ್ನು ಅಹಿಂಸೆಯ ಮನೆಯಲ್ಲಿ ಹುಟ್ಟಿದ ಕೂಸಿನ ತಲೆಗೆ ತೊಡಿಸುವುದು ನನಗೆ ಒಪ್ಪಿಗೆಯಿಲ್ಲ. ಹತ್ತಿಯ ನೂಲು ಅಗ್ಗ, ಒಗೆಯಲು ಸುಲಭ, ಕೂಸಿನ ಮೈಗೆ ಹಿತ. ದ್ರವ್ಯದ ಪ್ರಶ್ನೆಗೆ ಇಷ್ಟು ಸಾಕು.

ಕಠಿಣವಾದುದು ವಿಧಿಯ ಪ್ರಶ್ನೆ. ಅತಿಥಿಸಂವಿಭಾಗ ವ್ರತದ ಐದು ಅತಿಚಾರಗಳಲ್ಲಿ ಕಾಲಾತಿಕ್ರಮ ಮತ್ತು ಮಾತ್ಸರ್ಯ ಎಂಬೆರಡು ಸೇರಿವೆ. ಹೊತ್ತು ಮೀರಿ ಕೊಡುವುದು ಕಾಲಾತಿಕ್ರಮ. ಇತರ ದಾತಾರರ ಮೇಲೆ ಅಸೂಯೆಯಿಟ್ಟು, ಆದರವಿಲ್ಲದೆ ಕೊಡುವುದು ಮಾತ್ಸರ್ಯ. ಇವು ಮುನಿಗಳ ಆಹಾರದಾನದ ಸಂದರ್ಭದಲ್ಲಿ ಹೇಳಿದ ಮಾತುಗಳೆಂಬುದು ನಿಜ. ಆದರೆ ಹವ್ಯಾಸಿಗಳಾದ ನಮ್ಮ ದೋಷಗಳನ್ನೂ ಅವು ಕನ್ನಡಿಯಂತೆ ತೋರಿಸುತ್ತವೆ. ನನ್ನ ಅಣ್ಣನ ಮೊಮ್ಮಗನ ತೊಟ್ಟಿಲ ಕಾರ್ಯಕ್ಕೆಂದು ಒಂದು ಕುಲಾವಿಯನ್ನು ಆರಂಭಿಸಿದ್ದೆ. ಶಾಲೆಯ ಕೆಲಸ, ಮನೆಯವರ ಅನಾರೋಗ್ಯ, ನಡುವೆ ಮತ್ತೆರಡು ಕಡೆ ಕೊಟ್ಟ ಮಾತು ಎಂದು ದಿನಗಳು ಕಳೆದವು. ಕುಲಾವಿ ಮುಗಿದಾಗ ಕೂಸಿಗೆ ಐದು ತಿಂಗಳು ತುಂಬಿತ್ತು. ತಲೆಗೆ ಅದು ಇಳಿಯಲೇ ಇಲ್ಲ. ವೈನಿ ನಕ್ಕು ಅದನ್ನು ಗೊಂಬೆಯ ತಲೆಗೆ ತೊಡಿಸಿದರು. ಎಲ್ಲರೂ ಹೊಗಳಿದರು. ಕೂಸಿಗೆ ಮಾತ್ರ ಅದರಿಂದ ಯಾವ ಉಪಕಾರವೂ ಆಗಲಿಲ್ಲ. ತೊಟ್ಟಿಲ ದಿನ ಬೇರೊಬ್ಬರು ಅಂಗಡಿಯಿಂದ ತಂದುಕೊಟ್ಟ ಸಾಧಾರಣ ಟೋಪಿಯೇ ಆ ಚಳಿಗಾಲವನ್ನು ಕಾಯಿತು. ಅಂದು ನಾನು ಮನಸ್ಸಿನಲ್ಲಿ ಆ ಟೋಪಿಯನ್ನು ಹಗುರವಾಗಿ ಕಂಡಿದ್ದೆ. ಕಾಲಾತಿಕ್ರಮವೂ ಮಾತ್ಸರ್ಯವೂ ಒಂದೇ ಕುಲಾವಿಯಲ್ಲಿ ಕೂಡಿಬಂದಿದ್ದವು.

ಎರಡನೆಯ ಪಾಠ ಇನ್ನೂ ಆಳವಾದುದು. ನಾದಿನಿಯ ಹೊಸ ಮನೆಯ ವಾಸ್ತುಶಾಂತಿಗೆ ನಾಲ್ಕು ತಿಂಗಳು ಕುಳಿತು ಬಿಳಿಯ ನೂಲಿನಲ್ಲಿ ಒಂದು ಮೇಜುಹಾಸು ಹೆಣೆದು ಕೊಟ್ಟೆ. ವರ್ಷದ ಬಳಿಕ ಸೋದರತ್ತೆಯೊಡನೆ ಆ ಮನೆಗೆ ಹೋದಾಗ ಅದು ಅಡುಗೆಮನೆಯಲ್ಲಿ ನಾಲ್ಕು ಮಡಿಕೆಯಾಗಿ ಬಿಸಿ ಪಾತ್ರೆಯ ಕೆಳಗಿತ್ತು. ಒಂದು ಅಂಚಿಗೆ ಅರಿಸಿನದ ಕಲೆ. ನಾನು ಮಾತನಾಡಲಿಲ್ಲ, ಆದರೆ ನನ್ನ ಕಣ್ಣು ಮತ್ತೆ ಮತ್ತೆ ಅತ್ತಲೇ ಹೋಗುತ್ತಿತ್ತು. ಹಿಂದಿರುಗುವಾಗ ದಾರಿಯಲ್ಲಿ ಅತ್ತೆ ಹೇಳಿದರು: "ಕೊಟ್ಟ ಮ್ಯಾಲ ಅದರ ಬೆನ್ನ ಹತ್ತಿ ಯಾಕ ಹೋಗ್ತೀಯವಾ? ಹಂಗಾರ ನೀ ಕೊಟ್ಟಿಲ್ಲ. ಇಟ್ಕೊಂಡಿರು ಅಂತ ಕೊಟ್ಟೀದಿ."

ಶಾಲೆಯ ಮೆಟ್ಟಿಲು ಹೆಚ್ಚು ಹತ್ತದ ಆ ಹಿರಿಯ ಜೀವದ ಮಾತಿನಲ್ಲಿ ದಾನದ ಲಕ್ಷಣವೆಲ್ಲ ಅಡಗಿತ್ತು. ನಾನು ವಸ್ತುವನ್ನು ಕೊಟ್ಟಿದ್ದೆ. ಅದರ ಮೇಲಿನ ಒಡೆತನವನ್ನು ನನ್ನಲ್ಲಿಯೇ ಇರಿಸಿಕೊಂಡಿದ್ದೆ. ಅದನ್ನು ಎಲ್ಲಿ ಹಾಸಬೇಕು, ಹೇಗೆ ಒಗೆಯಬೇಕು, ಬಂದವರಿಗೆ ಯಾರು ಮಾಡಿದ್ದೆಂದು ಹೇಳಬೇಕು ಎಂಬ ನಿಯಮಗಳ ಪಟ್ಟಿಯೇ ನನ್ನ ಮನಸ್ಸಿನಲ್ಲಿತ್ತು. ಪರಿಗ್ರಹವೆಂದರೆ ವಸ್ತುವಲ್ಲ, ವಸ್ತುವಿನ ಮೇಲಿನ ಮೂರ್ಛೆ ಎಂದು ಆಚಾರ್ಯರು ಹೇಳಿರುವುದನ್ನು ನಾನೇ ಮಕ್ಕಳಿಗೆ ಪಾಠಶಾಲೆಯಲ್ಲಿ ಕಲಿಸಿದ್ದೆ. ವಸ್ತು ಮನೆಯಿಂದ ಹೊರಗೆ ಹೋದ ಮೇಲೂ ಮೂರ್ಛೆ ಉಳಿಯಬಲ್ಲುದೆಂಬುದು ಅಂದು ನನಗೆ ತಿಳಿಯಿತು. ಹೊಗಳಿಕೆಯ ಫಲವನ್ನು ಬಯಸಿದ್ದರಿಂದ ನಿದಾನವೆಂಬ ಶಲ್ಯವೂ ಅದರೊಳಗೆ ಸೇರಿತ್ತು.

ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಮಮತೆಯಿಲ್ಲದೆ ಹೆಣೆಯಲು ಸಾಧ್ಯವೇ? ಮಮತೆಯನ್ನು ತೆಗೆದುಹಾಕಿದರೆ ಅಂಗಡಿಯ ವಸ್ತುವಿಗೂ ಕೈಯ ವಸ್ತುವಿಗೂ ಏನು ಅಂತರ? ಆಕ್ಷೇಪದಲ್ಲಿ ಹುರುಳಿದೆ. ಕೂಸನ್ನು ನೆನೆಯುತ್ತ, ಅದರ ತಲೆಯ ಅಳತೆಯನ್ನು ಊಹಿಸುತ್ತ, ತಪ್ಪಿದ ಸಾಲನ್ನು ಬೇಸರಿಸದೆ ಬಿಚ್ಚಿ ಮತ್ತೆ ಹೆಣೆಯುವುದು ಪ್ರೀತಿಯಿಲ್ಲದೆ ಆಗದು. ಆದರೆ ಆ ಪ್ರೀತಿ ಯಾರ ಕಡೆಗೆ ಹರಿಯುತ್ತಿದೆ ಎಂಬುದನ್ನು ನೋಡಬೇಕು. ಪಡೆಯುವವರ ಹಿತದ ಕಡೆಗೆ ಹರಿದರೆ ಅದು ಆದರ, ಅಪ್ರಮಾದ. ನಾನು ಮಾಡಿದೆನೆಂಬ ಹೆಮ್ಮೆಯ ಕಡೆಗೆ ತಿರುಗಿದರೆ ಅದೇ ಮಾನಕಷಾಯ.

ನಮ್ಮ ಪರಂಪರೆಯಲ್ಲಿಯೇ ಇದಕ್ಕೆ ಉಜ್ವಲವಾದ ನಿದರ್ಶನವಿದೆ. ದಾನಚಿಂತಾಮಣಿ ಅತ್ತಿಮಬ್ಬೆ ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು. ರನ್ನನಿಂದ ಅಜಿತಪುರಾಣವನ್ನು ಬರೆಸಿದ ಮಹಾತಾಯಿಯೂ ಆಕೆಯೇ. ಆ ಕಾವ್ಯ ಕ್ರಿ.ಶ. 993ರಲ್ಲಿ ಮುಗಿಯಿತು. ಅಚ್ಚಿನ ಯಂತ್ರವಿಲ್ಲದ ಕಾಲ. ತಾಳೆಗರಿಯ ಮೇಲೆ ಒಂದೊಂದು ಅಕ್ಷರವನ್ನೂ ಲಿಪಿಕಾರರು ಕೈಯಿಂದ ಕೊರೆಯಬೇಕಾಗಿತ್ತು. ಅದೂ ನಮ್ಮ ಹೆಣಿಗೆಯಂತೆಯೇ ಕಣ್ಣು, ಬೆರಳು, ಬೆನ್ನುಗಳನ್ನು ಸವೆಸುವ ಕೆಲಸ. ಹಳೆಯ ಹಸ್ತಪ್ರತಿಗಳ ಕೊನೆಯಲ್ಲಿ, ಎಣ್ಣೆ ನೀರುಗಳು ತಗುಲದಂತೆ ಗ್ರಂಥವನ್ನು ಕಾಪಾಡಿರೆಂದು ಲಿಪಿಕಾರರು ಓದುಗರನ್ನು ಬೇಡಿಕೊಳ್ಳುವುದುಂಟು. ಗ್ರಂಥವು ಮುಂದಿನವರಿಗೆ ಉಪಕಾರವಾಗಿ ಉಳಿಯಲೆಂಬ ಕಾಳಜಿ ಅದು. ಹಾಗೆ ಬರೆದ ಪ್ರತಿಗಳು ಯಾವ ಯಾವ ಮನೆ, ಮಠ, ಬಸದಿಗಳನ್ನು ಸೇರಿದವು, ಯಾವುದನ್ನು ಗೆದ್ದಲು ತಿಂದಿತು ಎಂದು ಹಿಂಬಾಲಿಸಿ ನೋಡುವುದು ಯಾವ ದಾನಿಗೂ ಆಗದ ಮಾತು. ಓದುವ ಕೈಗೆ ಅವು ತಲುಪಿದಾಗಲೇ ದಾನ ಪೂರ್ಣವಾಗಿತ್ತು.

ಹಾಗಾದರೆ ಪಡೆಯುವವರಿಗೆ ಯಾವ ಕರ್ತವ್ಯವೂ ಇಲ್ಲವೇ? ಇದೆ. "ನಿಮಗೆ ಬರುತ್ತದಲ್ಲ, ನನಗೂ ಒಂದು ಮಾಡಿಕೊಡಿ, ನೂಲಿನ ದುಡ್ಡು ಕೊಡುತ್ತೇನೆ" ಎಂದು ಹಗುರವಾಗಿ ಕೇಳುವವರು ಒಂದು ಕ್ಷಣ ಯೋಚಿಸಬೇಕು. ಸ್ವೆಟರನ್ನು ಯಂತ್ರ ಹೆಣೆಯುತ್ತದೆ; ಕ್ರೋಶಾದ ಕೆಲಸ ಮಾತ್ರ ಇಂದಿಗೂ ಕೈಯಿಂದಲೇ ಆಗುತ್ತದೆ. ಪೇಟೆಯಲ್ಲಿ ಅಗ್ಗವಾಗಿ ಸಿಗುವ ಕ್ರೋಶಾ ವಸ್ತುವಿನ ಹಿಂದೆಯೂ ಯಾರದೋ ಬೆರಳುಗಳಿವೆ. ಆಂಧ್ರಪ್ರದೇಶದ ನರಸಾಪುರದ ಸುತ್ತಲಿನ ಹೆಣ್ಣುಮಕ್ಕಳು ಹತ್ತೊಂಬತ್ತನೆಯ ಶತಮಾನದಿಂದ ಈ ಕೆಲಸ ಮಾಡುತ್ತ ಬಂದಿದ್ದಾರೆ. 2024ರಲ್ಲಿ ಅವರ ಹೆಣಿಗೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಆದರೆ ಅವರನ್ನು ಕುರಿತು ಮರಿಯಾ ಮೀಸ್ ಎಂಬ ವಿದುಷಿ 1982ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದ್ದು ಬೇರೆಯೇ ಚಿತ್ರ. ಮನೆಯಲ್ಲಿ ಕುಳಿತ ಗೃಹಿಣಿಯರ ಬಿಡುವಿನ ಕೆಲಸವೆಂಬ ಹೆಸರಿನಲ್ಲಿ ಅವರ ದೀರ್ಘ ದುಡಿಮೆಗೆ ಅತ್ಯಲ್ಪ ಕೂಲಿ ಸಲ್ಲುತ್ತಿತ್ತು. ಬಿಡುವಿನ ಕೆಲಸವೆಂದು ಕರೆದು ಇನ್ನೊಬ್ಬರ ಆಯುಷ್ಯವನ್ನು ಬೆಲೆಯಿಲ್ಲದೆ ತೆಗೆದುಕೊಳ್ಳುವುದು ಅಚೌರ್ಯವ್ರತಕ್ಕೆ ಹೊಂದುವುದೇ? ತಾನಾಗಿ ಕೊಟ್ಟುದು ಮಾತ್ರ ಕಾಣಿಕೆ. ಕೇಳಿ ಪಡೆದುದಕ್ಕೆ ತಕ್ಕ ಬೆಲೆ ಸಲ್ಲಬೇಕು. ಹೆಣೆಯುವವರೂ ಶಕ್ತಿಗೆ ಮೀರಿ ಮಾತು ಕೊಟ್ಟು, ರಾತ್ರಿ ನಿದ್ದೆಗೆಟ್ಟು, ಮನೆಯವರ ಮೇಲೆ ಸಿಡುಕಿ ದಾನಿಗಳೆನಿಸಿಕೊಳ್ಳಬಾರದು. ಶಕ್ತಿಯನ್ನರಿತು ತ್ಯಾಗ ಮಾಡುವುದನ್ನೇ ಷೋಡಶಕಾರಣ ಭಾವನೆಗಳಲ್ಲಿ ಒಂದೆಂದು ಎಣಿಸಿದ್ದಾರೆ.

ಆ ದಿನದಿಂದ ನಾನು ಕೆಲವು ನಿಯಮಗಳನ್ನು ಇಟ್ಟುಕೊಂಡಿದ್ದೇನೆ. ಒಂದನ್ನು ಮುಗಿಸದೆ ಇನ್ನೊಂದಕ್ಕೆ ಮಾತು ಕೊಡುವುದಿಲ್ಲ. ಪಡೆಯುವವರಿಗೆ ಏನು ಬೇಕೆಂದು ಮೊದಲೇ ಕೇಳುತ್ತೇನೆ. ಹೊತ್ತು ಮೀರುವಂತಿದ್ದರೆ ಸಂಕೋಚವಿಲ್ಲದೆ ಅಂಗಡಿಯ ವಸ್ತುವನ್ನೇ ಒಯ್ಯುತ್ತೇನೆ. ಕೊಟ್ಟ ವಸ್ತುವಿನ ಕುಶಲವನ್ನು ಆ ಮನೆಯಲ್ಲಿ ವಿಚಾರಿಸುವುದಿಲ್ಲ. ಕೊನೆಯ ನಿಯಮವೇ ಪಾಲಿಸಲು ಎಲ್ಲಕ್ಕಿಂತ ಕಷ್ಟವಾದುದು. ಈಗಲೂ ಕಣ್ಣು ಒಮ್ಮೊಮ್ಮೆ ಹುಡುಕುತ್ತದೆ.

ಕ್ರೋಶಾ ಬಲ್ಲ ಸಹೋದರಿಯರಿಗೆ ಒಂದು ಸಂಗತಿ ಗೊತ್ತಿದೆ. ಈ ಹೆಣಿಗೆಯಲ್ಲಿ ಎಷ್ಟೇ ಸರಪಳಿ, ಎಷ್ಟೇ ಕಂಬಗಳನ್ನು ಹಾಕಿದರೂ ಸೂಜಿಯ ಮೇಲೆ ಉಳಿಯುವುದು ಒಂದೇ ಕುಣಿಕೆ. ಅದನ್ನು ಬಿಗಿಯದೆ ಉಂಡೆಯ ಕಡೆಯಿಂದ ನೂಲನ್ನು ಎಳೆದರೆ ನಾಲ್ಕು ತಿಂಗಳ ಕೆಲಸವೂ ಸಾಲುಸಾಲಾಗಿ ಬಿಚ್ಚಿಹೋಗುತ್ತದೆ. ಆದ್ದರಿಂದ ಕೊನೆಯಲ್ಲಿ ನೂಲನ್ನು ಉಂಡೆಯಿಂದ ಕತ್ತರಿಸಿ, ತುದಿಯನ್ನು ಆ ಕುಣಿಕೆಯೊಳಗಿಂದ ತೆಗೆದು ಬಿಗಿಯಬೇಕು. ಕತ್ತರಿಸಿದ ಮೇಲೆಯೇ ಹೆಣಿಗೆ ಗಟ್ಟಿಯಾಗಿ ನಿಲ್ಲುತ್ತದೆ. ಕೊಡುವ ಮನಸ್ಸಿನ ಮಾತೂ ಇದೇ. ನನ್ನದೆಂಬ ಎಳೆ ನನ್ನ ಕೈಯ ಉಂಡೆಗೆ ಸೇರಿರುವವರೆಗೆ, ಒಂದು ಅರಿಸಿನದ ಕಲೆ ಕಂಡರೆ ಸಾಕು, ಕೊಟ್ಟ ಪುಣ್ಯವೆಲ್ಲ ಆರ್ತಧ್ಯಾನವಾಗಿ ಬಿಚ್ಚಿಹೋಗುತ್ತದೆ.

ಹತ್ತು ಧರ್ಮಗಳ ಸಾಲಿನಲ್ಲಿ ತ್ಯಾಗವಾದ ಮೇಲೆ ಆಕಿಂಚನ್ಯ ಬರುತ್ತದೆ. ಮೊದಲು ಕೊಡಬೇಕು, ಆಮೇಲೆ, ಯಾವುದೂ ನನ್ನದಲ್ಲವೆಂಬ ಭಾವದಲ್ಲಿ ನಿಲ್ಲಬೇಕು. ದ್ವಾದಶಿಯ ದಿನ ತ್ಯಾಗಧರ್ಮದ ಪೂಜೆ ಮಾಡಿ, ತ್ರಯೋದಶಿಯ ದಿನ ಕೊಟ್ಟುದನ್ನು ನೆನೆದು ಕೊರಗುವುದು ನಮಗೆ ಶೋಭಿಸದು. ಈ ಪರ್ವದ ನಿಮಿತ್ತ, ಕೊಟ್ಟಿದ್ದೇವೆಂದು ನಾವು ಎಣಿಸಿಕೊಂಡಿರುವ ವಸ್ತುಗಳನ್ನು ಒಮ್ಮೆ ಮನಸ್ಸಿನಲ್ಲಿಯೇ ಪುನಃ ಕೊಟ್ಟುಬಿಡೋಣ. ಹಾಗೆ ಕೊಡುವ ಬಲವನ್ನು ಜಿನೇಂದ್ರ ಭಗವಂತನ ಸ್ಮರಣೆ ನಮಗೆಲ್ಲರಿಗೂ ನೀಡಲಿ.

ಜೈ ಜಿನೇಂದ್ರ.