ಅಗ್ಗದ ಡಾಲರು, ಅಚೌರ್ಯದ ಲೆಕ್ಕ

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ವಿದೇಶಕ್ಕೆ ನೇರ ವಿಮಾನವಿಲ್ಲ. ಸಿಂಗಪುರವನ್ನೋ ದುಬೈಯನ್ನೋ ನೋಡಹೊರಟವರು ಖಾನಾಪುರ ತಾಲೂಕಿನ ಕಣಕುಂಬಿ ಹಾದು, ಚೋರ್ಲಾ ಘಾಟ್ ಇಳಿದು ಗೋವಾದ ಮೋಪಾ ಸೇರಬೇಕು. ಇಲ್ಲವೇ ಬೆಂಗಳೂರು, ಮುಂಬೈ ದಾರಿ ಹಿಡಿಯಬೇಕು. ದಾರಿ ಯಾವುದಾದರೂ ಹೊರಡುವ ಮುನ್ನ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಡಾಲರು ಎಲ್ಲಿ ಅಗ್ಗಕ್ಕೆ ಸಿಗುತ್ತದೆ? ನಾಲ್ಕು ಕಾಸು ಉಳಿಸುವುದನ್ನು ಯಾವ ಧರ್ಮವೂ ತಪ್ಪೆನ್ನುವುದಿಲ್ಲ. ಆದರೆ ಹಾಗೆ ಉಳಿದ ಕಾಸು ಯಾರ ಗಂಟಿನಿಂದ ಬಂತು ಎಂದು ವಿಚಾರಿಸುವ ಹೊಣೆ ಮಾರುವವನಷ್ಟೇ ಕೊಳ್ಳುವವನಿಗೂ ಇದೆ ಎಂಬುದು ಈ ಲೇಖನದ ವಾದ.

ಹಣ ಬದಲಿಸಿ ಲಾಭ ಮಾಡುವುದೇ ಪಾಪವೆಂಬ ಮಾತು ಹಳೆಯದು. ಹಣದಿಂದ ಹಣ ಹುಟ್ಟಿಸುವುದು ಪ್ರಕೃತಿಗೆ ವಿರುದ್ಧ ಎಂದ ಅರಿಸ್ಟಾಟಲ್. ಯೇಸು ಜೆರುಸಲೇಮಿನ ದೇವಾಲಯದ ಅಂಗಳದಲ್ಲಿ ಚಿನಿವಾರರ ಮೇಜುಗಳನ್ನೇ ಕೆಡವಿದ. ಆದರೆ ಅವನ ಸಿಟ್ಟು ಪ್ರಾರ್ಥನೆಯ ಜಾಗವನ್ನು ಸುಲಿಗೆಯ ಜಾಗ ಮಾಡಿದವರ ಮೇಲಿತ್ತು. ನಾಣ್ಯ ಬದಲಿಸದೆ ದೂರದ ಯಾತ್ರಿಕ ಅಲ್ಲಿನ ಕಾಣಿಕೆಯನ್ನೇ ಸಲ್ಲಿಸುವಂತಿರಲಿಲ್ಲ. ಇಸ್ಲಾಮಿನ ವ್ಯವಹಾರ ನೀತಿಯಲ್ಲಿ ಬೇರೆ ಬೇರೆ ನಾಣ್ಯಗಳನ್ನು ಒಪ್ಪಿದ ದರಕ್ಕೆ ಬದಲಿಸಬಹುದು, ಕೊಡು-ಕೊಳ್ಳುವಿಕೆ ಮಾತ್ರ ಕೈಯಿಂದ ಕೈಗೆ, ಆಗಿಂದಾಗಲೇ ಮುಗಿಯಬೇಕು. ಕೌಟಿಲ್ಯನ ಅರ್ಥಶಾಸ್ತ್ರವಂತೂ ನಾಣ್ಯ ಪರೀಕ್ಷಕನನ್ನು ನೇಮಿಸಿ, ನೂರಕ್ಕೆ ಎಂಟಂಶದ ಟಂಕಿಸುವ ಶುಲ್ಕ, ನೂರಕ್ಕೆ ಎಂಟನೇ ಒಂದಂಶದ ಪರೀಕ್ಷಾ ಶುಲ್ಕ ಎಂದು ಬಿಡಿಸಿ ಹೇಳುತ್ತದೆ. ನಮ್ಮ ನೆಲದಲ್ಲೂ ಹಣ ಬದಲಿಸುವುದು ಹೊಸದಲ್ಲ. ಬೆಳಗಾವಿ ಕೋಟೆಯ 1204ರ ರಟ್ಟರ ಜಿನಾಲಯ ಶಾಸನಗಳಲ್ಲಿ ಲಾಟ, ಮಲೆಯಾಳ ದೇಶಗಳ ವರ್ತಕರ ಪ್ರಸ್ತಾಪವಿದೆ. ಖಾನಾಪುರದ ಹಲಸಿಯನ್ನಾಳಿದ ಗೋವಾ ಕದಂಬರು ಸಿಂಹಮುದ್ರೆಯ ಹೊನ್ನಿನ ಗದ್ಯಾಣ ಹೊರಡಿಸಿದರು. 1961ರ ಡಿಸೆಂಬರಿನವರೆಗೆ ಕಣಕುಂಬಿಯಾಚೆಗಿದ್ದದ್ದು ಪೋರ್ಚುಗೀಸರ ದೇಶ, ಅವರದೇ ನಾಣ್ಯ. ನಾಲ್ಕು ನಾಡಿನ ಹಣ ಸೇರುವ ಪೇಟೆಯಲ್ಲಿ ನಾಣ್ಯದ ಬೆಲೆ ಕಟ್ಟುವುದೂ ಒಂದು ಕಾಯಕ. ಅದಕ್ಕೆ ವಟ್ಟ ಕೊಡುವುದು ನ್ಯಾಯವೇ.

ಹಾಗಾದರೆ ಎಷ್ಟು ವಟ್ಟ? ಪೇಟೆಯ ದರ ಡಾಲರಿಗೆ 90 ರೂಪಾಯಿ ಎಂದಿಟ್ಟುಕೊಳ್ಳೋಣ. ‘ಕಮಿಷನ್ ಇಲ್ಲ’ ಎಂಬ ಬೋರ್ಡಿನ ಕೌಂಟರಿನಲ್ಲಿ ದರ 92. ಸಾವಿರ ಡಾಲರು ಕೊಂಡರೆ ಎರಡು ಸಾವಿರ ರೂಪಾಯಿ ಕಮಿಷನ್ನು ದರದೊಳಗೇ ಕೂತಿದೆ. ಜಿಎಸ್‌ಟಿಯ ರೂಢಿಯ ಲೆಕ್ಕದಲ್ಲಿ ಒಂದು ಲಕ್ಷದವರೆಗಿನ ಮೊತ್ತದ ಶೇ 1ರಷ್ಟನ್ನು ಸೇವೆಯ ಮೌಲ್ಯವೆಂದು ಹಿಡಿದು, ಅದರ ಮೇಲೆ ಶೇ 18 ತೆರಿಗೆ. ಅಂದರೆ 165 ರೂಪಾಯಿ 60 ಪೈಸೆ. ಒಟ್ಟು 92,165 ರೂಪಾಯಿ 60 ಪೈಸೆ. ಈ ಎರಡು ಸಾವಿರವನ್ನು ಕಡಿಮೆ ಮಾಡಿಸಲು ಬ್ಯಾಂಕು, ಪರವಾನಗಿಯ ವಿನಿಮಯ ಅಂಗಡಿ, ಫಾರೆಕ್ಸ್ ಕಾರ್ಡು ಎಲ್ಲದರ ದರ ವಿಚಾರಿಸಿ ಚೌಕಾಸಿ ಮಾಡುವುದು ಜಿಪುಣತನವಲ್ಲ. ದರದ ಸೆರಗಿನಲ್ಲಿ ಬಚ್ಚಿಟ್ಟ ಲಾಭವನ್ನು ಬೆಳಕಿಗೆಳೆಯುವುದು ಗಿರಾಕಿಯ ಧರ್ಮ.

ತೊಡಕು ಹುಟ್ಟುವುದು ಇದರಾಚೆ. ಬಿಲ್ ಬೇಡ, ಪ್ಯಾನ್ ಕಾರ್ಡೂ ಬೇಡ, ನಗದು ತನ್ನಿ, 91ಕ್ಕೆ ಕೊಡಿಸುತ್ತೇನೆ ಎನ್ನುವವನೊಬ್ಬ ಸಿಗುತ್ತಾನೆ. ಉಳಿತಾಯ 1,165 ರೂಪಾಯಿ ಚಿಲ್ಲರೆ. ಬೆಳಗಾವಿ ಸೀಮೆಯಲ್ಲಿ ಬೇರುಬಿಟ್ಟಿರುವ ಜೈನಧರ್ಮದ ನೀತಿ ಈ ಗಳಿಗೆಗೆಂದೇ ಬರೆದಂತಿದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಕದಿಯದಿರುವ ಅಚೌರ್ಯ ವ್ರತಕ್ಕೆ ಐದು ಅತಿಚಾರಗಳನ್ನು, ಅಂದರೆ ಕಲೆಗಳನ್ನು, ಹೇಳುತ್ತದೆ. ಕಳ್ಳನನ್ನು ಪ್ರಚೋದಿಸುವುದು, ಕದ್ದದ್ದನ್ನು ಕೊಳ್ಳುವುದು, ರಾಜ್ಯದ ಕಟ್ಟಳೆ ಮೀರಿದ ವ್ಯವಹಾರ, ತೂಕ-ಅಳತೆಯ ಮೋಸ, ಖೋಟಾ ಮಾಲಿನ ವ್ಯಾಪಾರ. ಈ ಪೈಕಿ ಮೂರನೆಯದನ್ನು ವಿವರಿಸುವಾಗ ಕನ್ನಡ ನಾಡಿನವರೇ ಆದ ವ್ಯಾಖ್ಯಾನಕಾರ ಪೂಜ್ಯಪಾದರು, ಬೆಲೆಬಾಳುವ ವಸ್ತುವನ್ನು ಸರಿಯಾದ ಮಾರ್ಗ ಬಿಟ್ಟು ಅಲ್ಪ ಬೆಲೆಗೆ ಪಡೆಯುವ ಯತ್ನವನ್ನೇ ಅದರಲ್ಲಿ ಸೇರಿಸುತ್ತಾರೆ. ಕೊಂಡವನು ಯಾರ ಜೇಬಿಗೂ ಕೈ ಹಾಕಿಲ್ಲ, ನಿಜ. ಆದರೆ ಕೌಂಟರಿಗಿಂತ ಕಡಿಮೆಗೆ ಡಾಲರು ಮಾರಲು ಒಬ್ಬ ಮುಂದಾಗುತ್ತಾನೆಂದರೆ, ಹಲವು ಸಲ ಅದಕ್ಕೆ ಕಾರಣ ಆ ಹಣವನ್ನು ಬ್ಯಾಂಕಿಗೆ ತೋರಿಸಲಾಗದಿರುವುದು: ಇನ್‌ವಾಯ್ಸಿನಲ್ಲಿ ಮುಚ್ಚಿಟ್ಟ ರಫ್ತಿನ ಹಣವೋ, ಲಂಚದ್ದೋ. ಆಗ ಆ 1,165 ರೂಪಾಯಿ ನಮ್ಮ ಮೌನಕ್ಕೆ ಕೊಟ್ಟ ಕೂಲಿ. ತಪ್ಪಿಹೋದ ತೆರಿಗೆಯ ಹೊರೆ, ಭೀಮಗಡದ ಕಾಡಿನೊಳಗೆ ರಸ್ತೆ, ಸೇತುವೆಗೆ ಕಾದಿರುವ ಖಾನಾಪುರದ ಹಳ್ಳಿಯವರ ಮೇಲೂ ಬೀಳುತ್ತದೆ.

ಸರ್ಕಾರದ ಕಟ್ಟಳೆಯೇ ಅನ್ಯಾಯವಾಗಿದ್ದರೆ, ನಾನು ದುಡಿದ ಹಣಕ್ಕೆ ಅದರ ಅಪ್ಪಣೆ ಏಕೆ ಎಂದು ಕೇಳಬಹುದು. 1973ರ ಫೆರಾ ಕಾಯ್ದೆಯ ಕಾಲದಲ್ಲಿ ಈ ಮಾತಿಗೆ ತೂಕವಿತ್ತು. ವಿದೇಶಿ ಹಣದ ತಪ್ಪಿಗೆ ಆಗ ಜೈಲು ಕಾದಿತ್ತು. ಅದರ ಜಾಗಕ್ಕೆ ಬಂದ 1999ರ ಫೆಮಾ ಅದನ್ನು ಮುಖ್ಯವಾಗಿ ದಂಡದ ವಿಷಯವಾಗಿಸಿತು. ಈಗ ಒಬ್ಬರು ವರ್ಷಕ್ಕೆ ಎರಡೂವರೆ ಲಕ್ಷ ಡಾಲರುಗಳವರೆಗೆ ಹೊರಗೆ ಕಳಿಸಬಹುದು. ಬಹುತೇಕ ದೇಶಗಳಿಗೆ ಪ್ರವಾಸವೊಂದಕ್ಕೆ 3,000 ಡಾಲರು ನೋಟಿನಲ್ಲೂ, ಉಳಿದದ್ದನ್ನು ಕಾರ್ಡಿನಲ್ಲೂ ಒಯ್ಯಬಹುದು. ರಜೆಗೆ ಹೊರಟವನಿಗೆ ಬಾಗಿಲು ತೆರೆದೇ ಇದೆ. ತೆರೆದ ಬಾಗಿಲು ಬಿಟ್ಟು ಕಿಟಕಿ ಹಾರುವವನು ತನ್ನದು ಸತ್ಯಾಗ್ರಹವೆಂದರೆ ಯಾರೂ ನಂಬಲಾರರು. ಸತ್ಯಾಗ್ರಹಿ ಕಾನೂನನ್ನು ಮುರಿಯುವುದು ಎಲ್ಲರೆದುರು, ಶಿಕ್ಷೆಗೆ ಸಿದ್ಧನಾಗಿ.

ಇದಕ್ಕಿಂತ ಬಿಗಿಯಾದ ಆಕ್ಷೇಪ ಇನ್ನೊಂದಿದೆ. ದುಬೈಯಲ್ಲಿ ದುಡಿದು ಬಂದ ನೆರೆಮನೆಯವರ ಬಳಿ ಒಂದಿಷ್ಟು ದಿರ್ಹಮ್ ಉಳಿದಿದೆ. ಅವರಿಗೆ ರೂಪಾಯಿ ಬೇಕು, ನಮಗೆ ದಿರ್ಹಮ್ ಬೇಕು. ಹಣ ಬೆವರಿನದು, ದರ ಇಬ್ಬರಿಗೂ ಒಪ್ಪಿಗೆ. ಇಲ್ಲಿ ಕಳವು ಎಲ್ಲಿದೆ? ಕಳವಿಲ್ಲವೆಂದು ಒಪ್ಪಲೇಬೇಕು. ಪರವಾನಗಿಯಿಲ್ಲದವರೊಡನೆ ವಿದೇಶಿ ಹಣದ ವಹಿವಾಟು ಫೆಮಾಕ್ಕೆ ವಿರುದ್ಧವಾದರೂ ಇದನ್ನು ಬಿಲ್ಲಿಲ್ಲದ ಹವಾಲಾ ದಂಧೆಯ ಜೊತೆ ಒಂದೇ ತಕ್ಕಡಿಗೆ ಹಾಕುವುದು ನ್ಯಾಯವಲ್ಲ. ಜೈನ ಚಿಂತನೆ ವ್ರತಕ್ಕೆ ತಗಲುವ ಕಲೆಯನ್ನೂ ವ್ರತಭಂಗವನ್ನೂ ಬೇರೆ ಮಾಡುತ್ತದೆ; ಇದು ಕಲೆ. ಆದರೂ ಕಲೆ ಕಲೆಯೇ. ನೆರೆಯವರ ಹಣದ ಮೂಲ ನಮಗೆ ಗೊತ್ತು. ಅವರ ಗೆಳೆಯನದು, ಆ ಗೆಳೆಯನ ಗೆಳೆಯನದು ಗೊತ್ತಿಲ್ಲ. ನಂಬಿಕೆಯ ಸರಪಳಿ ಉದ್ದವಾದಷ್ಟೂ ಪ್ರಶ್ನೆ ಕೇಳುವ ಸಂಕೋಚ ಹೆಚ್ಚುತ್ತದೆ, ಹವಾಲಾ ಬೆಳೆಯುವುದೂ ಆ ಸಂಕೋಚದಲ್ಲೇ. ರಸೀದಿ ಅಂಥ ಸಂಕೋಚವನ್ನು ತಪ್ಪಿಸುತ್ತದೆ.

ಪರವಾನಗಿಯ ಅಂಗಡಿಯವರೂ ಸುಲಿಯುತ್ತಾರಲ್ಲ ಎಂದರೆ, ಹೌದು, ಕೆಲವರು ಸುಲಿಯುತ್ತಾರೆ. ಆದರೆ ಅಲ್ಲಿ ಸುಲಿಗೆ ಬಿಲ್ಲಿನ ಮೇಲೆ ಕಾಣುತ್ತದೆ. ಕಂಡದ್ದನ್ನು ಪ್ರಶ್ನಿಸಬಹುದು, ಪಕ್ಕದ ಅಂಗಡಿಗೆ ಹೋಗಬಹುದು. ಬಿಲ್ಲಿಲ್ಲದ ಕಡೆ ಖೋಟಾ ನೋಟು ಕೈಗೆ ಬಂದರೂ ದೂರು ಕೊಡಲು ಬಾಯಿಲ್ಲ. ಆದ್ದರಿಂದ ತೆರಿಗೆ ಸೇರಿಸಿ ಒಟ್ಟು ಎಷ್ಟಾಗುತ್ತದೆಂದು ಮೂರು ಕಡೆ ಕೇಳಿ, ಕಡಿಮೆ ಇದ್ದಲ್ಲಿ ಕೊಳ್ಳಿ, ಮರಳಿ ಬಂದು ಉಳಿದದ್ದನ್ನು ಅಂಥದ್ದೇ ಅಂಗಡಿಗೆ ಮಾರಿ. ದರಕ್ಕೆ ಎಷ್ಟು ಬೇಕಾದರೂ ಚೌಕಾಸಿ ಮಾಡಿ, ರಸೀದಿಯ ವಿಷಯದಲ್ಲಿ ಮಾತ್ರ ಬೇಡ.