ಗೋಡೆಗೆ ಬೆನ್ನು ಕೊಟ್ಟು ನಿಂತು ನೋಡಿ

ಮೂಡುಬಿದಿರೆಯಿಂದ ಕಾರ್ಕಳಕ್ಕೆ ಹೋಗುವ ಹೆದ್ದಾರಿಯಲ್ಲಿದೆ ಬೆಳುವಾಯಿ. ಈ ಸೀಮೆಯ ಹೆಂಗಸರು ತಲೆಮಾರುಗಳಿಂದ ಮಾಡಿಕೊಂಡು ಬಂದ ದುಡಿಮೆಗಳಲ್ಲಿ ಎರಡು ಮುಖ್ಯ: ಮಳೆಗಾಲದಲ್ಲಿ ನೇಜಿ ನೆಡುವುದು, ವರ್ಷವಿಡೀ ಬೀಡಿ ಕಟ್ಟುವುದು. ಒಂದಕ್ಕೆ ಸೊಂಟ ಬಗ್ಗಬೇಕು, ಇನ್ನೊಂದಕ್ಕೆ ಕತ್ತು. ತೊಡೆಯ ಮೇಲೆ ಗೆರಸೆ ಇಟ್ಟುಕೊಂಡು ಎಲೆ ಕತ್ತರಿಸಿ, ಹುಡಿ ತುಂಬಿ, ಸುರುಟಿ, ನೂಲು ಸುತ್ತುವಾಗ ಮುಖ ಮೇಲೇಳುವುದೇ ಅಪರೂಪ. ಬೀಡಿ ಕಂಪನಿಯ ಬ್ರಾಂಚಿಗೆ ಒಪ್ಪಿಸುವ ಲೆಕ್ಕ ತುಂಬಬೇಕಲ್ಲ!

ಇಂಥವರ ಬೆನ್ನು ಅರುವತ್ತರ ಆಚೆ ಬಾಗಿದರೆ ಮನೆಯವರು "ಪ್ರಾಯ ಆಯ್ತಲ್ಲ" ಎಂದು ಬಿಟ್ಟುಬಿಡುತ್ತಾರೆ. ಬಿಟ್ಟುಬಿಡುವ ವಿಷಯ ಇದಲ್ಲ.

ಎದೆಯ ಹಿಂಭಾಗದ ಬೆನ್ನುಮೂಳೆ ಎಲ್ಲರಲ್ಲೂ 20ರಿಂದ 40 ಡಿಗ್ರಿಯಷ್ಟು ಬಾಗಿಯೇ ಇರುತ್ತದೆ. ಅದನ್ನು ಮೀರಿದರೆ ಗೂನು. ಆಗ ಶ್ವಾಸಕೋಶ ಅರಳಲು ಜಾಗ ಸಾಲದು, ನಡೆಯುವಾಗ ದೇಹದ ತೂಕ ಮುಂದಕ್ಕೆ ವಾಲಿ ಬೀಳುವ ಭಯ ಹೆಚ್ಚುತ್ತದೆ. ಕ್ಯಾಲಿಫೋರ್ನಿಯದ ರಾಂಚೊ ಬರ್ನಾರ್ಡೊದಲ್ಲಿ 1,353 ಹಿರಿಯರನ್ನು ಅಂಗಾತ ಮಲಗಿಸಿ, ತಲೆ ಸಮವಾಗಿ ನಿಲ್ಲಲು ಅದರಡಿ 1.7 ಸೆಂ.ಮೀ. ದಪ್ಪದ ಎಷ್ಟು ತುಂಡು ಇಡಬೇಕಾಗುತ್ತದೆ ಎಂದು ನೋಡಿದರು. ಅಂಥ ಆಸರೆ ಬೇಕಾದವರಲ್ಲಿ ಸಾವಿನ ಪ್ರಮಾಣ ಉಳಿದವರಿಗಿಂತ 1.44 ಪಟ್ಟು ಹೆಚ್ಚಿತ್ತು ಎಂಬುದು 2004ರಲ್ಲಿ ಪ್ರಕಟವಾಯಿತು. ಗೂನೇ ಕೊಲ್ಲುತ್ತದೆ ಎಂದು ಇದರರ್ಥವಲ್ಲ. ಒಳಗೇನೋ ಕುಸಿಯುತ್ತಿದೆ ಎಂಬುದನ್ನು ಅದು ಹೊರಗೆ ತೋರಿಸುತ್ತಿರಬಹುದು.

ಕೆಲವೊಮ್ಮೆ ಅಕ್ಷರಶಃ ಕುಸಿತವೇ. ಮೂಳೆ ಸವೆದ ಮೇಲೆ ಬೆನ್ನಿನ ಗಿಣ್ಣೊಂದು ಕೊಡಪಾನ ಎತ್ತಿದ ಮಾತ್ರಕ್ಕೆ ಜಜ್ಜಿಹೋಗಬಹುದು. ಇಂಥ ಮುರಿತಗಳಲ್ಲಿ ಹೆಚ್ಚಿನವು ಗೊತ್ತೇ ಆಗದೆ ಉಳಿಯುತ್ತವೆ. ಉಳುಕು ಎಂದು ಎಣ್ಣೆ ತಿಕ್ಕಿ ಸುಮ್ಮನಾದವರೆಷ್ಟೋ. ಆದರೆ ಗೂನಿರುವ ಎಲ್ಲರಲ್ಲೂ ಮುರಿತ ಇರುವುದಿಲ್ಲ. ಬೆನ್ನನ್ನು ಎತ್ತಿ ಹಿಡಿಯುವ ಸ್ನಾಯು ಸೋತಿದ್ದರೂ, ಗಿಣ್ಣುಗಳ ನಡುವಿನ ಮೆತ್ತೆ ಸವೆದಿದ್ದರೂ ಬೆನ್ನು ಬಾಗುತ್ತದೆ.

ಮನೆಯಲ್ಲೇ ಪರೀಕ್ಷಿಸಿಕೊಳ್ಳಬಹುದು. ಹಿಮ್ಮಡಿ, ಪೃಷ್ಠ, ಬೆನ್ನು ಗೋಡೆಗೆ ತಾಗುವಂತೆ ನಿಂತು, ಗಲ್ಲ ಎತ್ತದೆ ತಲೆಯ ಹಿಂಭಾಗ ಗೋಡೆಗೆ ಮುಟ್ಟುತ್ತದೆಯೇ ನೋಡಬೇಕು. ಮುಟ್ಟದಿದ್ದರೆ ಅಂತರ ಅಳೆದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟರೆ, ಆರು ತಿಂಗಳಿಗೆ ಹೋಲಿಸಿ ನೋಡಲಾದೀತು. ಪ್ರಾಯದಲ್ಲಿದ್ದ ಎತ್ತರಕ್ಕಿಂತ ನಾಲ್ಕು ಸೆಂ.ಮೀ. ಕುಗ್ಗಿದ್ದರೆ ವೈದ್ಯರಿಗೆ ತೋರಿಸುವುದು ಒಳ್ಳೆಯದು.

"ನೆಟ್ಟಗೆ ಕೂತ್ಕೋ" ಎಂಬ ಗದರಿಕೆಯಿಂದ ಯಾರ ಬೆನ್ನೂ ನೆಟ್ಟಗಾದದ್ದಿಲ್ಲ; ನೆಟ್ಟಗೆ ಹಿಡಿಯುವ ಬಲ ಬೆನ್ನಿಗೆ ಬೇಕು. ಬೋರಲು ಮಲಗಿ ಎದೆಯನ್ನು ಮೆಲ್ಲಗೆ ಎತ್ತುವುದು, ಹೆಗಲ ಮೂಳೆಗಳನ್ನು ಹಿಂದಕ್ಕೆ ಸೇರಿಸಿ ಹಿಡಿಯುವುದು, ಇಷ್ಟರಿಂದ ತೊಡಗಬಹುದು. ಕಾರ್ಕಳದ 1432ರ ಬಾಹುಬಲಿ, ವೇಣೂರಿನ 1604ರ ಬಾಹುಬಲಿ ಎರಡೂ ನಿಂತಿರುವುದು ಕಾಯೋತ್ಸರ್ಗದಲ್ಲಿ: ಎದೆ ತೆರೆದು, ತೋಳು ಇಳಿಬಿಟ್ಟು. ಫಿಸಿಯೋಥೆರಪಿಸ್ಟ್ ಕೇಳುವ ಭಂಗಿಯೂ ಹೆಚ್ಚುಕಡಿಮೆ ಇದೇ.

ಯೋಗದ ಉತ್ಸಾಹಿಗಳಿಗೆ ಒಂದು ಎಚ್ಚರಿಕೆ. ಮೂಳೆ ಸವೆದವರಿಗೆ ಪಶ್ಚಿಮೋತ್ತಾನಾಸನ, ಹಲಾಸನಗಳಂಥ ಮುಂದಕ್ಕೆ ಮಡಚುವ ಆಸನಗಳು ಅಪಾಯ. ಅಮೆರಿಕದ ಮೇಯೊ ಕ್ಲಿನಿಕ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೆನ್ನು ಹಿಂದಕ್ಕೆ ಬಾಗಿಸುವ ವ್ಯಾಯಾಮ ಮಾಡಿದ ಮಹಿಳೆಯರಲ್ಲಿ ಶೇ. 16 ಮಂದಿಗೆ ಹೊಸ ಮುರಿತ ಕಂಡರೆ, ಮುಂದಕ್ಕೆ ಬಾಗಿದವರಲ್ಲಿ ಅದು ಶೇ. 89. ಅಧ್ಯಯನ ಚಿಕ್ಕದು, ಬರೀ 59 ಮಂದಿಯದು. ಆದರೂ ಅಲಕ್ಷಿಸುವಂಥ ಅಂತರವಲ್ಲ.

ಮೂಳೆಗೆ ಬಲ ಕೊಡುವ ಊಟದ ವಿಷಯದಲ್ಲಿ ಕರಾವಳಿ ಬಡವಲ್ಲ. ಬೂತಾಯಿ ಮೀನಿನಲ್ಲಿ ವಿಟಮಿನ್ ಡಿ ಇದೆ, 100 ಗ್ರಾಂ ರಾಗಿಯಲ್ಲಿ 300 ಮಿ.ಗ್ರಾಂ.ಗೂ ಮಿಕ್ಕ ಕ್ಯಾಲ್ಸಿಯಂ ಇದೆ.

ಬೀಡಿ ಕಟ್ಟುವವರಿಗೆ ದುಡಿಮೆ ಬಿಡಿ ಎನ್ನುವ ಹಕ್ಕು ಯಾರಿಗೂ ಇಲ್ಲ. ಬೆನ್ನಿಗೆ ಗೋಡೆಯ ಆಸರೆ ಕೊಟ್ಟು, ತೊಡೆಯ ಕೆಳಗೆ ದಿಂಬಿಟ್ಟು ಗೆರಸೆಯನ್ನು ತುಸು ಎತ್ತರಿಸಬಹುದು. ಅರ್ಧ ಗಂಟೆಗೊಮ್ಮೆ ಎದ್ದು ಕೈ ಮೇಲೆತ್ತಿ ನಿಂತರೆ ಹತ್ತು ಬೀಡಿ ಕಡಿಮೆಯಾದೀತು, ಅಷ್ಟೇ. ಈಗಾಗಲೇ ಬಾಗಿದವರೂ ಕೈಚೆಲ್ಲಬೇಕಿಲ್ಲ: ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅರುವತ್ತು ದಾಟಿದವರು ಆರು ತಿಂಗಳು ಬೆನ್ನು ಬಲಪಡಿಸುವ ವ್ಯಾಯಾಮ ಮಾಡಿದಾಗ ಬಾಗು ಸುಮಾರು ಮೂರು ಡಿಗ್ರಿ ಇಳಿದದ್ದು ಎಕ್ಸ್‌ರೇಯಲ್ಲಿ ಕಂಡಿದೆ.